ಪಂಕ್ ಬರೋದಕ್ಕೆ ಮುಂಚೆ ಜಾನಿ ಥಂಡರ್ಸ್ ಅಂತ ಒಬ್ಬ ಇದ್ದ

ಲೋಕಲ್ ಟ್ರೈನಿನಲ್ಲಿ ವಿಡಿಯೋ ಸುಮ್ಮನೆ ತಿರುಗುತ್ತಲೇ ಇರುತ್ತೆ, ಬರಹ ಇದ್ದರೆ ಓದಿಕೊಳ್ಳಬಹುದು ಅಂತ ಮುಂಬೈ ಕಡೆಯವರು ಹೇಳುತ್ತಿರುತ್ತೀರಿ. ಹಾಗಾಗಿ ಈ ಸಲದ ಮಾತನ್ನೂ ಎಂದಿನಂತೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ. ವಿಡಿಯೋದಲ್ಲಿ ಇದ್ದ ಗಿಟಾರಿನ ತುಣುಕುಗಳು ಇಲ್ಲಿ ಕೇಳಿಸೋದಿಲ್ಲ, ಅದೊಂದು ಕೊರತೆ. ಯಾವುದನ್ನು ಯಾವ ಕ್ರಮದಲ್ಲಿ ಕೇಳಬೇಕು ಅಂತ ಕೊನೆಯಲ್ಲಿ ಹೇಳಿದ್ದೇನೆ.

ಪಂಕ್ ರಾಕ್ ಅಂದ ಕೂಡಲೇ ಎಲ್ಲರೂ ಹೇಳೋ ಕತೆ ಒಂದಿದೆ. 1970ರ ದಶಕದ ಮೊದಲ ಅರ್ಧದಲ್ಲಿ ರಾಕ್ ಸಂಗೀತ ಕೊಬ್ಬಿತ್ತು, ಒಂದು ಕಡೆ ಇಪ್ಪತ್ತು ನಿಮಿಷದ ಹಾಡುಗಳು, ಇನ್ನೊಂದು ಕಡೆ ಮಿಂಚು ಬಳಿದುಕೊಂಡ ಗ್ಲಾಮ್ ಸ್ಟಾರುಗಳು. 1976ರಲ್ಲಿ ಲಂಡನ್ನಿನ ಬೀದಿ ಹುಡುಗರು ಹರಿದ ಅಂಗಿ ಹಾಕಿಕೊಂಡು, ಪಿನ್ನು ಚುಚ್ಚಿಕೊಂಡು ಬಂದರು, ಎಲ್ಲವನ್ನೂ ಒದ್ದು ಹೊರಗೆ ಹಾಕಿದರು. ಕತೆ ಚೆನ್ನಾಗಿದೆ. ಮೊದಲನೇ ಭಾಗದ ಮಟ್ಟಿಗೆ ನಿಜವೂ ಇದೆ. ಗ್ಲಾಮ್ ವಿಷಯಕ್ಕೆ ಬಂದರೆ ಮಾತ್ರ ಇದು ಹೊಂದೋದಿಲ್ಲ.

ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಹಳೇ ಫೋಟೋಗಳನ್ನು ನೋಡಿ. ಗಿಟಾರ್ ನುಡಿಸೋ ಸ್ಟೀವ್ ಜೋನ್ಸ್ ಕೈಯಲ್ಲಿ ಬಿಳೀ ಬಣ್ಣದ ಒಂದು ಗಿಬ್ಸನ್ ಲೆಸ್ ಪಾಲ್ ಇರುತ್ತೆ, ಮೇಲೆ ಹೆಂಗಸರ ಚಿತ್ರದ ಸ್ಟಿಕ್ಕರ್ ಅಂಟಿಸಿರುತ್ತೆ. ಪಂಕ್ ಚರಿತ್ರೆಯಲ್ಲಿ ಅಷ್ಟು ಹೆಸರಾದ ಗಿಟಾರು ಬೇರೆ ಇಲ್ಲ. ಅದು ಅವನದಲ್ಲ. ನ್ಯೂಯಾರ್ಕಿನ ಒಂದು ಗ್ಲಾಮ್ ಬ್ಯಾಂಡಿನಲ್ಲಿದ್ದ ಸಿಲ್ವೇನ್ ಸಿಲ್ವೇನ್ ಅನ್ನೋನದ್ದು. ಬ್ಯಾಂಡಿನ ಹೆಸರು ನ್ಯೂಯಾರ್ಕ್ ಡಾಲ್ಸ್. ಸ್ಟೀವ್ ಜೋನ್ಸ್ ಆ ಗಿಟಾರನ್ನು ಸೊಂಟದ ಕೆಳಗೆ ಇಳಿಬಿಟ್ಟು, ಕಾಲು ಅಗಲಿಸಿ ನಿಂತು ನುಡಿಸುತ್ತಿದ್ದನಲ್ಲ, ಆ ಭಂಗಿ ಅದೇ ಬ್ಯಾಂಡಿನ ಇನ್ನೊಬ್ಬನದ್ದು. ಅವನೇ ಜಾನಿ ಥಂಡರ್ಸ್. ಗಿಟಾರು ಸಿಲ್ವೇನನದು, ಕೈ ಜಾನಿಯದು ಅಂತ ಇಟ್ಟುಕೊಳ್ಳಿ.

ಮೊದಲು ಗ್ಲಾಮ್ ಅಂದರೇನು ಅನ್ನೋದನ್ನು ಬೇಗ ಮುಗಿಸಿಬಿಡೋಣ. 1971ರಲ್ಲಿ ಟಿ. ರೆಕ್ಸ್ ಬ್ಯಾಂಡಿನ ಮಾರ್ಕ್ ಬೋಲನ್ ಬ್ರಿಟನ್ನಿನ ಟಾಪ್ ಆಫ್ ದ ಪಾಪ್ಸ್ ಅನ್ನೋ ಟಿವಿ ಕಾರ್ಯಕ್ರಮಕ್ಕೆ ಕೆನ್ನೆ ಮೇಲೆ ಮಿಂಚು ಅಂಟಿಸಿಕೊಂಡು ಬಂದ. ಮುಂದಿನ ವರ್ಷ ಡೇವಿಡ್ ಬೋವಿ ಕೆಂಪು ಕೂದಲಿನ ಜಿಗ್ಗಿ ಸ್ಟಾರ್‌ಡಸ್ಟ್ ಆಗಿ ಬಂದ. ಗಂಡಸರು ಲಿಪ್‌ಸ್ಟಿಕ್, ಎತ್ತರದ ಹಿಮ್ಮಡಿಯ ಬೂಟು, ಸ್ಯಾಟಿನ್ ಬಟ್ಟೆ ಹಾಕಿಕೊಂಡು ಮೂರು ನಿಮಿಷದ ಸರಳ ರಾಕ್ ಹಾಡು ಹಾಡೋದು, ಹೆಚ್ಚು ಕಡಿಮೆ ಅದೇ ಗ್ಲಾಮ್. ಇಲ್ಲಿ ಆ ಮೂರು ನಿಮಿಷ ಮುಖ್ಯ, ಯಾಕಂದರೆ ಅದೇ ಕಾಲಕ್ಕೆ ಗಂಭೀರ ರಾಕ್ ಅಂತ ಅನ್ನಿಸಿಕೊಂಡಿದ್ದು ಎಲ್ಲಿಗೆ ಹೋಗಿತ್ತು ಅಂದರೆ, ಯೆಸ್ ಅನ್ನೋ ಬ್ಯಾಂಡು 1973ರಲ್ಲಿ ಎರಡು ಎಲ್‌ಪಿಗಳ ಒಂದು ಆಲ್ಬಮ್ ತಂದಿತು, ಅದರಲ್ಲಿ ಇದ್ದದ್ದು ಒಟ್ಟು ನಾಲ್ಕೇ ಹಾಡು. ಒಂದೊಂದು ಹಾಡಿಗೆ ಒಂದೊಂದು ಮಗ್ಗುಲು. ಅದಕ್ಕೆ ಪ್ರೇರಣೆ ಏನು ಗೊತ್ತಾ? ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶಾಸ್ತ್ರಗಳ ಬಗ್ಗೆ ಇರೋ ಒಂದು ಅಡಿಟಿಪ್ಪಣಿ! ಒಂದು ಅಡಿಟಿಪ್ಪಣಿಗೆ ಎಂಬತ್ತು ನಿಮಿಷ. ಆ ಆಲ್ಬಮ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ, ನನಗೆ ಅದರ ಕೆಲವು ಭಾಗ ಇಷ್ಟ. ಆದರೆ ಹದಿನಾರು ವರ್ಷದ ಹುಡುಗ ಅದನ್ನು ಕೇಳಿ "ನಾನೂ ನಾಳೆ ಒಂದು ಬ್ಯಾಂಡ್ ಕಟ್ಟುತ್ತೀನಿ" ಅನ್ನೋದು ಸಾಧ್ಯವಿಲ್ಲ.

ಈಗ ನ್ಯೂಯಾರ್ಕಿಗೆ ಬರೋಣ.

ಜಾನಿ ಥಂಡರ್ಸ್ ನಿಜವಾದ ಹೆಸರು ಜಾನ್ ಆಂಥನಿ ಜೆಂಜೇಲ್. ಹುಟ್ಟಿದ್ದು 1952ರಲ್ಲಿ, ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ, ಇಟಾಲಿಯನ್ ಮೂಲದ ಮನೆಯಲ್ಲಿ. ಸಿಲ್ವೇನ್ ಹುಟ್ಟಿದ್ದು ಈಜಿಪ್ಟಿನ ಕೈರೋದಲ್ಲಿ, ಯೆಹೂದಿ ಕುಟುಂಬ. ಸೂಯೆಜ್ ಗಲಾಟೆಯ ನಂತರ ಊರು ಬಿಟ್ಟು, ಫ್ರಾನ್ಸ್ ಹಾದು ಅಮೆರಿಕ ಸೇರಿದವರು. ಡ್ರಮ್ಸ್ ನುಡಿಸುತ್ತಿದ್ದ ಬಿಲ್ಲಿ ಮುರ್ಸಿಯಾ ಕೊಲಂಬಿಯಾದಿಂದ ಬಂದವನು. ಬೇರೆ ಊರಿನಿಂದ ಬಂದು ಇನ್ನೊಂದು ದೊಡ್ಡ ನಗರದ ಅಂಚಿನಲ್ಲಿ ಬೆಳೆದ ಮಕ್ಕಳು ಇವರು. ಇದನ್ನು ಓದುತ್ತಿರೋ ನಿಮ್ಮಲ್ಲಿ ಅನೇಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಲ್ವೇನ್ ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಯ ಎದುರಿಗೆ ಮುರಿದ ಗೊಂಬೆಗಳನ್ನು ರಿಪೇರಿ ಮಾಡೋ ಒಂದು ಅಂಗಡಿ ಇತ್ತು, ಅದರ ಬೋರ್ಡಿನಲ್ಲಿ ನ್ಯೂಯಾರ್ಕ್ ಡಾಲ್ ಹಾಸ್ಪಿಟಲ್ ಅಂತ ಬರೆದಿತ್ತು. ಬ್ಯಾಂಡಿಗೆ ಹೆಸರು ಸಿಕ್ಕಿದ್ದು ಅಲ್ಲಿಂದ. ಹಾಡುಗಾರ ಡೇವಿಡ್ ಜೊಹಾನ್ಸನ್, ಬೇಸ್ ಗಿಟಾರಿಗೆ ಆರ್ಥರ್ ಕೇನ್. 1972ರಲ್ಲಿ ಮರ್ಸರ್ ಆರ್ಟ್ಸ್ ಸೆಂಟರ್ ಅನ್ನೋ ಜಾಗದ ಒಂದು ಕೋಣೆಯಲ್ಲಿ ಇವರ ಕಾರ್ಯಕ್ರಮ ವಾರವಾರವೂ ನಡೆಯೋದಕ್ಕೆ ಶುರುವಾಯಿತು. ಊರಿನ ಕಲಾವಿದರು, ಪತ್ರಕರ್ತರು, ಕೆಲಸ ಇಲ್ಲದ ಹುಡುಗರು ಎಲ್ಲಾ ಅಲ್ಲಿ ಸೇರುತ್ತಿದ್ದರು. ಆ ಕಟ್ಟಡ 1973ರ ಆಗಸ್ಟಿನಲ್ಲಿ ಕುಸಿದು ಬಿತ್ತು. ಉಪಮೆಯಲ್ಲ, ನಿಜವಾಗಿ ಕುಸಿದು ಬಿತ್ತು. ಹಳೇ ಹೋಟೆಲ್ ಕಟ್ಟಡ ಅದು.

ಇವರ ವೇಷದ ಬಗ್ಗೆ ಒಂದು ಮಾತು. ಬೋವಿಯ ವೇಷ ಚೆನ್ನಾಗಿ ಹೊಲಿಸಿದ್ದು, ಯೋಚನೆ ಮಾಡಿ ಹಾಕಿದ್ದು, ಬೇರೆ ಗ್ರಹದಿಂದ ಬಂದವನ ವೇಷ. ಡಾಲ್ಸ್ ಹುಡುಗರದ್ದು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ, ಗೆಳತಿಯರ ಬೀರುವಿನಿಂದ ಎತ್ತಿಕೊಂಡಿದ್ದು. ಹೆಣ್ಣಾಗಿ ಕಾಣಬೇಕು ಅನ್ನೋ ಪ್ರಯತ್ನವೇ ಇಲ್ಲ. ನಮ್ಮ ಯಕ್ಷಗಾನದ ಸ್ತ್ರೀವೇಷದಲ್ಲಿ ಗಂಡು ಕಾಣದ ಹಾಗೆ ಮಾಡೋದರಲ್ಲೇ ಕಲೆ ಇದೆ. ಇವರು ಲಿಪ್‌ಸ್ಟಿಕ್ ಹಚ್ಚಿಕೊಂಡರೂ ಜಗಳಕ್ಕೆ ನಿಂತ ಬೀದಿ ಹುಡುಗರ ಹಾಗೇ ಕಾಣುತ್ತಿದ್ದರು. ಮೇಕಪ್ ಅಳಿಸಿಹೋಗಿರೋದು, ಸ್ಟಾಕಿಂಗ್ ಹರಿದಿರೋದು, ಅದೆಲ್ಲ ಹಾಗೇ ಇರಲಿ ಅಂತ ಬಿಟ್ಟಿದ್ದರು. ಆ ಹರಿದ ಸ್ಟಾಕಿಂಗನ್ನು ನೆನಪಿಟ್ಟುಕೊಳ್ಳಿ. ಹರಿದದ್ದು ಹರಿದ ಹಾಗೇ ವೇದಿಕೆ ಮೇಲೆ ಬರಬಹುದು ಅನ್ನೋದು ಮುಂದೆ ಲಂಡನ್ನಿನ ಹುಡುಗರಿಗೆ ದೊಡ್ಡ ಪಾಠ ಆಯಿತು.

ಆದರೂ ಬಟ್ಟೆಗಿಂತ ದೊಡ್ಡ ಪಾಠ ಜಾನಿಯ ಗಿಟಾರ್ ನುಡಿಸಾಣಿಕೆಯಲ್ಲಿತ್ತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಆ ಕಾಲದ ಗಿಟಾರ್ ಹೀರೋ ಅಂದರೆ ಎರಿಕ್ ಕ್ಲಾಪ್ಟನ್, ಜಿಮ್ಮಿ ಪೇಜ್. ಹಾಡಿನ ಮಧ್ಯೆ ನಿಂತು ಐದು ನಿಮಿಷ, ಹತ್ತು ನಿಮಿಷ ಸೋಲೋ ನುಡಿಸೋರು. ಬೆರಳು ಎಷ್ಟು ವೇಗವಾಗಿ ಓಡುತ್ತೆ ಅನ್ನೋದು ಅಳತೆ. ಜಾನಿಗೆ ಆ ಕೈಚಳಕ ಇರಲಿಲ್ಲ. ಅವನು ತೆಗೆದುಕೊಂಡಿದ್ದು ಅದಕ್ಕೂ ಹಿಂದಿನ ಚಕ್ ಬೆರಿಯಿಂದ, ಮತ್ತೆ ಚಕ್ ಬೆರಿಯನ್ನು ತನ್ನ ರೀತಿಯಲ್ಲಿ ನುಡಿಸಿದ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್‌ನಿಂದ. ಪಕ್ಕಪಕ್ಕದ ಎರಡು ತಂತಿಗಳನ್ನು ಒಟ್ಟಿಗೇ ಮೀಟೋದು, ಮೇಲಿನ ಮನೆಯಿಂದ ಕೆಳಕ್ಕೆ ಬೆರಳು ಜಾರಿಸಿ ಒಂದು ಕಿರುಚಿನ ಹಾಗೆ ಸದ್ದು ಮಾಡೋದು, ತಂತಿಯನ್ನು ಎಳೆದು ಸ್ವರವನ್ನು ಮೇಲಕ್ಕೆ ಏರಿಸೋದು. ಇಷ್ಟೇ ಸಾಮಾನು. ಅದನ್ನೇ ಆಂಪ್ಲಿಫೈಯರ್ ಸದ್ದು ಒಡೆದುಹೋಗೋವಷ್ಟು ಜೋರಾಗಿಟ್ಟು ನುಡಿಸುತ್ತಿದ್ದ.

ತಂತಿ ಎಳೆಯೋ ವಿಚಾರ ಗಮನಿಸಿ. ಎಳೆದಾಗ ಸ್ವರ ಎಲ್ಲಿ ಹೋಗಿ ನಿಲ್ಲಬೇಕೋ ಅಲ್ಲಿ ನಿಂತರೆ ಶ್ರುತಿಶುದ್ಧ. ಜಾನಿ ಎಳೆದಾಗ ಅದು ಎಷ್ಟೋ ಸಲ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತೆ, ಇಲ್ಲಾ ದಾಟಿ ಹೋಗುತ್ತೆ. ಸಂಗೀತ ಕಲಿತ ಕಿವಿಗೆ ಮೊದಲ ಸಲ ಮುಳ್ಳು ಚುಚ್ಚಿದ ಹಾಗೆ ಆಗುತ್ತೆ. ಆದರೆ ಲಯದಲ್ಲಿ ಅವನು ಜಾರೋದಿಲ್ಲ. ಎಲ್ಲಿ ಬರಬೇಕು, ಎಲ್ಲಿ ಸುಮ್ಮನಿರಬೇಕು, ಹಾಡುಗಾರ ಉಸಿರು ತೆಗೆದುಕೊಳ್ಳೋ ಜಾಗದಲ್ಲಿ ಯಾವ ಚೂರು ತುರುಕಬೇಕು, ಅದೆಲ್ಲ ಸರಿಯಾಗಿ ಗೊತ್ತಿತ್ತು. ಡಾಲ್ಸ್ ಮೊದಲ ಆಲ್ಬಮ್ಮಿನ ಮೊದಲ ಹಾಡು ಪರ್ಸನಾಲಿಟಿ ಕ್ರೈಸಿಸ್. ಅದರಲ್ಲಿ ಗಿಟಾರು ಹಿನ್ನೆಲೆಯಲ್ಲಿ ಕೂತು ಸಾಥ್ ಕೊಡೋದಿಲ್ಲ, ಜೊಹಾನ್ಸನ್ ಹಾಡುತ್ತಿದ್ದ ಹಾಗೆ ಪ್ರತಿ ಸಾಲಿನ ತುದಿಯಲ್ಲಿ ನಡುವೆ ಬಾಯಿ ಹಾಕುತ್ತಲೇ ಇರುತ್ತೆ. ಸೋಲೋ ಅಂತ ಬಂದರೂ ಒಂದಿಷ್ಟು ಆವರ್ತದಲ್ಲಿ ಮುಗಿದು ಹೋಗುತ್ತೆ.

ಅವನ ಹೆಸರಿನ ಜೊತೆ ಅಂಟಿಕೊಂಡಿರೋ ಗಿಟಾರು ಗಿಬ್ಸನ್ ಲೆಸ್ ಪಾಲ್ ಜೂನಿಯರ್. ಕಂಪನಿ ಅದನ್ನು 1950ರ ದಶಕದಲ್ಲಿ ಹೊಸದಾಗಿ ಕಲಿಯೋರಿಗೆ ಅಂತ ಮಾಡಿದ ಅಗ್ಗದ ಮಾದರಿ. ತಂತಿಯ ಸದ್ದನ್ನು ಹಿಡಿಯೋ ಪಿಕಪ್ ಅನ್ನೋದು ಒಂದೇ ಒಂದು, ದೊಡ್ಡ ಗಿಟಾರಿನಲ್ಲಿ ಎರಡಿರುತ್ತೆ. ಸದ್ದು ಬದಲಾಯಿಸೋ ಆಯ್ಕೆ ಕಮ್ಮಿ, ಆದರೆ ಇರೋ ಒಂದು ಸದ್ದು ಒರಟಾಗಿ, ನೇರವಾಗಿ ಎದೆಗೆ ಬಡಿಯುತ್ತೆ. ಮುಂದೆ ಕ್ಲ್ಯಾಶ್ ಬ್ಯಾಂಡಿನ ಮಿಕ್ ಜೋನ್ಸ್ ಶುರುವಿನ ದಿನಗಳಲ್ಲಿ ಹಿಡಿದಿದ್ದೂ ಜೂನಿಯರನ್ನೇ. ಅವನು ಪಂಕ್ ಆಗೋ ಮುಂಚೆ ಉದ್ದ ಕೂದಲು ಬಿಟ್ಟ ಡಾಲ್ಸ್ ಅಭಿಮಾನಿ.

ಹೀಗೆ ನುಡಿಸಿದ್ದರಿಂದ ಏನಾಯಿತು ಅಂದರೆ, ಕೇಳಿದ ಹುಡುಗನಿಗೆ ಇದು ಕೈಗೆ ಎಟಕುತ್ತೆ ಅನ್ನಿಸಿತು. ಕ್ಲಾಪ್ಟನ್ ಕೇಳಿದರೆ ಕೈ ಮುಗಿಯಬೇಕು ಅನ್ನಿಸುತ್ತೆ, ಜಾನಿ ಕೇಳಿದರೆ ಗಿಟಾರ್ ಎತ್ತಿಕೊಳ್ಳಬೇಕು ಅನ್ನಿಸುತ್ತೆ. ನನ್ನ ಪ್ರಕಾರ ಗ್ಲಾಮ್‌ನಿಂದ ಪಂಕಿಗೆ ದಾಟಿದ ಆಸ್ತಿ ಇದೇ. ತಮಾಷೆ ಏನಂದರೆ, ಎತ್ತಿಕೊಂಡ ಮೇಲೆ ಗೊತ್ತಾಗುತ್ತೆ, ಅವನ ಹಾಗೆ ನುಡಿಸೋದು ಅಷ್ಟು ಸುಲಭ ಅಲ್ಲ ಅಂತ.

ಡಾಲ್ಸ್ ಬ್ಯಾಂಡು ದುಡ್ಡಿನ ಲೆಕ್ಕದಲ್ಲಿ ಸೋತಿತು. 1972ರ ನವೆಂಬರಿನಲ್ಲಿ, ಇನ್ನೂ ಒಂದು ರೆಕಾರ್ಡೂ ಬಂದಿಲ್ಲ, ಲಂಡನ್ ಪ್ರವಾಸದಲ್ಲಿ ಬಿಲ್ಲಿ ಮುರ್ಸಿಯಾ ಒಂದು ಪಾರ್ಟಿಯಲ್ಲಿ ಮಾದಕ ವಸ್ತುವಿನಿಂದ ಪ್ರಜ್ಞೆ ತಪ್ಪಿದ. ಸುತ್ತ ಇದ್ದವರು ಆಸ್ಪತ್ರೆಗೆ ಸೇರಿಸೋ ಬದಲು ಎಚ್ಚರಿಸೋದಕ್ಕೆ ಅಂತ ಸ್ನಾನದ ತೊಟ್ಟಿಯಲ್ಲಿ ಹಾಕಿ, ಬಾಯಿಗೆ ಕಾಫಿ ಹುಯ್ದರು. ಉಸಿರುಗಟ್ಟಿ ಸತ್ತ. ಇಪ್ಪತ್ತೊಂದು ವರ್ಷ. ಅವನ ಜಾಗಕ್ಕೆ ಜೆರ್ರಿ ನೋಲನ್ ಬಂದ. 1973ರಲ್ಲಿ ಮೊದಲ ಆಲ್ಬಮ್ ಬಂತು. ಐವರೂ ಹೆಂಗಸರ ಮೇಕಪ್ಪಿನಲ್ಲಿ ಸೋಫಾ ಮೇಲೆ ಕೂತಿರೋ ಫೋಟೋ ಅದರ ಮುಖಪುಟ. ಅಮೆರಿಕದ ಪಟ್ಟಿಯಲ್ಲಿ ಅದು 116ನೇ ಸ್ಥಾನ ದಾಟಲಿಲ್ಲ. ಕ್ರೀಮ್ ಅನ್ನೋ ಪತ್ರಿಕೆ ಓದುಗರ ಮತ ಕೇಳಿದಾಗ ಆ ವರ್ಷದ ಅತ್ಯುತ್ತಮ ಹೊಸ ಬ್ಯಾಂಡೂ ಇವರೇ, ಅತಿ ಕೆಟ್ಟ ಹೊಸ ಬ್ಯಾಂಡೂ ಇವರೇ ಅಂತ ಬಂತು. ಎರಡನೇ ಆಲ್ಬಮ್ 1974ರಲ್ಲಿ ಬಂದು ಅದೂ ಬಿತ್ತು.

ಆದರೆ 1973ರ ನವೆಂಬರಿನಲ್ಲಿ ಒಂದು ಘಟನೆ ನಡೆಯಿತು. ಬಿಬಿಸಿಯ ಓಲ್ಡ್ ಗ್ರೇ ವಿಸಲ್ ಟೆಸ್ಟ್ ಅನ್ನೋ ಗಂಭೀರ ಸಂಗೀತದ ಕಾರ್ಯಕ್ರಮದಲ್ಲಿ ಡಾಲ್ಸ್ ಬಂದು ಜೆಟ್ ಬಾಯ್ ಹಾಡಿದರು. ನಿರೂಪಕ ಬಾಬ್ ಹ್ಯಾರಿಸ್ ಗಡ್ಡದೊಳಗೇ ನಕ್ಕು, ಇದು ಅಣಕು ರಾಕ್ ಅಂತ ತಳ್ಳಿಹಾಕಿದ. ಮನೆಯಲ್ಲಿ ಕೂತು ನೋಡುತ್ತಿದ್ದ ಹದಿಹರೆಯದವರಿಗೆ ಆ ನಗುವೇ ಗುರುತಿನ ಚೀಟಿ ಆಯಿತು. ದೊಡ್ಡವರಿಗೆ ಇಷ್ಟವಾಗಲಿಲ್ಲ ಅಂದರೆ ಇದು ನಮ್ಮದು, ಅಷ್ಟೇ. ಮ್ಯಾಂಚೆಸ್ಟರಿನ ಒಬ್ಬ ಹುಡುಗ ಡಾಲ್ಸ್ ಅಭಿಮಾನಿ ಸಂಘವನ್ನೇ ನಡೆಸಿದ, ಮುಂದೆ ಸ್ಮಿತ್ಸ್ ಬ್ಯಾಂಡಿನ ಮಾರಿಸ್ಸಿ ಆದ.

ನ್ಯೂಯಾರ್ಕಿನಲ್ಲೂ ಕೆಲಸ ನಡೆದಿತ್ತು. ಮರ್ಸರ್ ಸೆಂಟರ್ ಕುಸಿದ ಮೇಲೆ ಹೊಸ ಬ್ಯಾಂಡುಗಳಿಗೆ ಜಾಗ ಇರಲಿಲ್ಲ. 1973ರ ಕೊನೆಯಲ್ಲಿ ಬಾವರಿ ಬೀದಿಯಲ್ಲಿ ಸಿಬಿಜಿಬಿ ಅನ್ನೋ ಬಾರು ಶುರುವಾಯಿತು, ಆಮೇಲೆ ಪಂಕಿನ ತೊಟ್ಟಿಲು ಅಂತ ಹೆಸರಾದದ್ದು ಅದೇ. 1974ರ ಆಗಸ್ಟಿನಲ್ಲಿ ಅಲ್ಲಿ ಮೊದಲ ಸಲ ನುಡಿಸಿದ ರಮೋನ್ಸ್ ಕ್ವೀನ್ಸ್‌ನವರೇ. ಅವರ ಹಾಡುಗಾರ ಜೋಯಿ ಅದಕ್ಕೆ ಮುಂಚೆ ಸ್ನೈಪರ್ ಅನ್ನೋ ಗ್ಲಾಮ್ ಬ್ಯಾಂಡಿನಲ್ಲಿ ಮೈಗಂಟಿದ ಬಟ್ಟೆ ಹಾಕಿಕೊಂಡು ಹಾಡುತ್ತಿದ್ದವನು. ರಮೋನ್ಸ್ ಮಾಡಿದ್ದು ಇಷ್ಟು: ಡಾಲ್ಸ್‌ನಿಂದ ಚಿಕ್ಕ ಹಾಡು, ದೊಡ್ಡ ಸದ್ದು, 60ರ ದಶಕದ ಹುಡುಗಿಯರ ಪಾಪ್ ಹಾಡಿನ ಮೇಲಿನ ಪ್ರೀತಿ, ಇವನ್ನು ಇಟ್ಟುಕೊಂಡು ಲಿಪ್‌ಸ್ಟಿಕ್ ಮತ್ತು ಸೋಲೋ ಎರಡನ್ನೂ ತೆಗೆದುಹಾಕಿದರು. 1976ರ ಅವರ ಮೊದಲ ಆಲ್ಬಮ್ಮಿನಲ್ಲಿ 14 ಹಾಡು, ಅರ್ಧ ಗಂಟೆಯೂ ಆಗೋದಿಲ್ಲ.

ಇನ್ನು ಲಂಡನ್ನಿಗೆ ಹೋಗೋ ದಾರಿ. ಆ ದಾರಿಯ ದಲ್ಲಾಳಿ ಮಾಲ್ಕಮ್ ಮೆಕ್‌ಲಾರೆನ್. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ 430ನೇ ನಂಬರಿನ ಅಂಗಡಿ, ವಿವಿಯೆನ್ ವೆಸ್ಟ್‌ವುಡ್ ಜೊತೆ ಸೇರಿ ನಡೆಸುತ್ತಿದ್ದ. ಎರಡು ವರ್ಷಕ್ಕೊಮ್ಮೆ ಅಂಗಡಿಯ ಹೆಸರೂ ಬಟ್ಟೆಯೂ ಬದಲಾಗುತ್ತಿದ್ದವು. ಡಾಲ್ಸ್ ಹುಡುಗರನ್ನು ಕಂಡು ಅವನಿಗೆ ಹುಚ್ಚು ಹಿಡಿಯಿತು. 1975ರ ಶುರುವಿನಲ್ಲಿ ಬ್ಯಾಂಡು ಮುಳುಗುತ್ತಿದ್ದಾಗ ನ್ಯೂಯಾರ್ಕಿಗೆ ಬಂದು ಮ್ಯಾನೇಜರ್ ಥರ ನಿಂತ. ಅವನು ಕಂಡುಹಿಡಿದ ಮದ್ದು ಏನು ಗೊತ್ತಾ? ಐವರಿಗೂ ಹೊಳೆಯೋ ಕೆಂಪು ಚರ್ಮದ ಬಟ್ಟೆ ಹಾಕಿಸಿ, ವೇದಿಕೆ ಹಿಂದೆ ಕುಡುಗೋಲು ಸುತ್ತಿಗೆಯ ದೊಡ್ಡ ಬಾವುಟ ಕಟ್ಟಿದ. ವಿಯೆಟ್ನಾಂ ಯುದ್ಧ ಇನ್ನೂ ಮುಗಿದಿಲ್ಲ, ಅಂಥಾ ಅಮೆರಿಕದಲ್ಲಿ! ಬ್ಯಾಂಡಿಗೆ ಕಮ್ಯುನಿಸಮ್ಮಿಗೂ ಏನೂ ಸಂಬಂಧ ಇಲ್ಲ. ಇದ್ದ ಅಭಿಮಾನಿಗಳೂ ಗಲಿಬಿಲಿಗೊಂಡರು. ಆಮೇಲೆ ಫ್ಲೋರಿಡಾ ಪ್ರವಾಸ, ಜೆರ್ರಿ ನೋಲನ್ ತಾಯಿಯ ಟ್ರೈಲರ್ ಪಾರ್ಕಿನಲ್ಲಿ ವಾಸ. ಜಗಳ ಆಯಿತು. ಜಾನಿ ಮತ್ತು ಜೆರ್ರಿ ಬ್ಯಾಂಡ್ ಬಿಟ್ಟು ನ್ಯೂಯಾರ್ಕಿಗೆ ವಾಪಸ್ ಹೋದರು. ಇಬ್ಬರೂ ಆಗಲೇ ಹೆರಾಯಿನ್ ಹಿಡಿತದಲ್ಲಿದ್ದರು, ಫ್ಲೋರಿಡಾದ ಆ ಮೂಲೆಯಲ್ಲಿ ಅದು ಸಿಗುತ್ತಿರಲಿಲ್ಲ ಅನ್ನೋದೂ ಒಂದು ಕಾರಣ.

ಮೆಕ್‌ಲಾರೆನ್ ಲಂಡನ್ನಿಗೆ ಹೋಗುವಾಗ ಎರಡು ಸಾಮಾನು ತೆಗೆದುಕೊಂಡು ಹೋದ. ಒಂದು, ಸಿಲ್ವೇನನ ಬಿಳೀ ಗಿಟಾರು. ಎರಡು, ತಲೆಯೊಳಗೆ ಒಂದು ಅಚ್ಚು: ನುಡಿಸೋದು ಅಷ್ಟಾಗಿ ಬರದ, ಬೈಗುಳಕ್ಕೆ ಹೆದರದ, ಬಟ್ಟೆಯಿಂದಲೇ ಜಗಳ ತೆಗೆಯೋ ಹುಡುಗರ ಬ್ಯಾಂಡು. ಅವನ ಅಂಗಡಿಯಲ್ಲಿ ಸುಳಿದಾಡುತ್ತಿದ್ದ ಸ್ಟೀವ್ ಜೋನ್ಸ್‌ಗೆ ಗಿಟಾರು ಸಿಕ್ಕಿತು. ಅಲ್ಲಿವರೆಗೆ ಹಾಡುಗಾರ ಆಗೋಣ ಅಂತಿದ್ದ ಅವನು ಗಿಟಾರಿಗೆ ಬದಲಾದ. 1975ರ ನವೆಂಬರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಮೊದಲ ಸಲ ವೇದಿಕೆ ಹತ್ತಿದಾಗ ಅವನು ಗಿಟಾರ್ ಹಿಡಿದು ಕೆಲವೇ ತಿಂಗಳಾಗಿತ್ತು. ಅಷ್ಟು ಹೊಸಬ ಯಾರನ್ನು ನೋಡಿ ಕಲಿಯಬಹುದು? ಜಿಮ್ಮಿ ಪೇಜ್‌ನನ್ನು ನೋಡಿ ಕಲಿಯೋಕ್ಕಾಗಲ್ಲ. ಜಾನಿಯ ತುಂಡುಗಳನ್ನು, ನಿಲುವನ್ನು ಎತ್ತಿಕೊಂಡೆ ಅಂತ ಜೋನ್ಸ್ ಯಾವತ್ತೂ ಮುಚ್ಚಿಟ್ಟವನಲ್ಲ.

ಇದನ್ನೆಲ್ಲ ಕೇಳಿ ಎಲ್ಲದಕ್ಕೂ ಜಾನಿಯೇ ಮೂಲ ಅಂತ ತಿಳಿಯಬೇಡಿ. ಹರಿದ ಅಂಗಿಗೆ ಪಿನ್ನು, ಮುಳ್ಳಿನಂಥ ಕೂದಲು, ಇವೆಲ್ಲ ಮೆಕ್‌ಲಾರೆನ್ ಕಂಡಿದ್ದು ನ್ಯೂಯಾರ್ಕಿನ ಇನ್ನೊಬ್ಬ ಸಂಗೀತಗಾರ ರಿಚರ್ಡ್ ಹೆಲ್ ಮೈಮೇಲೆ. ಇಗ್ಗಿ ಪಾಪ್‌ನ ಸ್ಟೂಜಸ್ ಬ್ಯಾಂಡಿನ ಪಾಲೂ ದೊಡ್ಡದು. ನಾನು ಹೇಳುತ್ತಿರೋದು ಗಿಟಾರಿನ ಭಾಷೆ ಎಲ್ಲಿಂದ ಬಂತು ಅನ್ನೋದರ ಬಗ್ಗೆ.

ಜಾನಿ ಮತ್ತು ಜೆರ್ರಿ 1975ರಲ್ಲಿ ಇದೇ ರಿಚರ್ಡ್ ಹೆಲ್ ಜೊತೆ ಹಾರ್ಟ್‌ಬ್ರೇಕರ್ಸ್ ಅನ್ನೋ ಬ್ಯಾಂಡ್ ಕಟ್ಟಿದರು. ಟಾಮ್ ಪೆಟ್ಟಿಯ ಹಾರ್ಟ್‌ಬ್ರೇಕರ್ಸ್ ಬೇರೆ, ಹುಡುಕುವಾಗ ಜೋಪಾನ. ಮುಂದಿನ ವರ್ಷ ಹೆಲ್ ಹೊರಗೆ ಹೋದ, ವಾಲ್ಟರ್ ಲ್ಯೂರ್, ಬಿಲ್ಲಿ ರಾತ್ ಒಳಗಿದ್ದರು. ಮೇಕಪ್ ಹೋಯಿತು, ಕೂದಲು ಕತ್ತರಿಸಿದ್ದಾಯಿತು, ಸಂಗೀತ ಹೆಚ್ಚು ಕಡಿಮೆ ಅದೇ. ಗ್ಲಾಮ್ ಪಂಕ್ ಆಗಿದ್ದನ್ನು ಒಬ್ಬನೇ ಮನುಷ್ಯನ ಮೈಮೇಲೆ ನೋಡಬೇಕು ಅಂದರೆ ಇಲ್ಲಿ ನೋಡಬಹುದು. ಮೆಕ್‌ಲಾರೆನ್ ಇವರನ್ನು ಪಿಸ್ಟಲ್ಸ್, ಕ್ಲ್ಯಾಶ್, ಡ್ಯಾಮ್ಡ್ ಜೊತೆ ಅನಾರ್ಕಿ ಟೂರ್ ಅನ್ನೋ ಪ್ರವಾಸಕ್ಕೆ ಕರೆಸಿದ. ಹಾರ್ಟ್‌ಬ್ರೇಕರ್ಸ್ ಲಂಡನ್ನಿಗೆ ಬಂದಿಳಿದದ್ದು 1976ರ ಡಿಸೆಂಬರ್ 1ರಂದು. ಅದೇ ಸಾಯಂಕಾಲ ಪಿಸ್ಟಲ್ಸ್ ಬಿಲ್ ಗ್ರಂಡಿಯ ಟಿವಿ ಕಾರ್ಯಕ್ರಮದಲ್ಲಿ ನೇರ ಪ್ರಸಾರದಲ್ಲೇ ಕೆಟ್ಟ ಮಾತು ಆಡಿದರು. ಮರುದಿನ ಪತ್ರಿಕೆಗಳ ಮುಖಪುಟ ತುಂಬ ಅದೇ. ಊರೂರಿನ ನಗರಸಭೆಗಳು, ಹಾಲಿನ ಮಾಲೀಕರು ಕಾರ್ಯಕ್ರಮ ರದ್ದು ಮಾಡಿದರು. ಸುಮಾರು 20 ಕಡೆ ಅಂತ ಗೊತ್ತಾಗಿದ್ದ ಪ್ರವಾಸದಲ್ಲಿ ನಡೆದದ್ದು ಬೆರಳೆಣಿಕೆಯಷ್ಟು, ಲೀಡ್ಸ್, ಮ್ಯಾಂಚೆಸ್ಟರ್, ಕೇರ್ಫಿಲಿ, ಪ್ಲಿಮತ್. ಉಳಿದ ದಿನ ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೂತಿದ್ದರು.

ಆದರೆ ಆಗಿದ್ದು ಏನಂದರೆ, ಇನ್ನೂ ಕಲಿಯುತ್ತಿದ್ದ ಲಂಡನ್ ಹುಡುಗರ ನಡುವೆ ಇವರು ನಾಲ್ಕೈದು ವರ್ಷದಿಂದ ವೇದಿಕೆ ಮೇಲೆ ಪಳಗಿದವರು. ಬಿಗಿಯಾದ ಬ್ಯಾಂಡು, ನೋಲನ್ ಡ್ರಮ್ಸ್ ಅಂತೂ ಗಡಿಯಾರ. ತಮ್ಮ ಸಂಗೀತದ ದೊಡ್ಡಣ್ಣ ಹೇಗೆ ನುಡಿಸುತ್ತಾನೆ ಅಂತ ಆ ಹುಡುಗರು ಹತ್ತಿರದಿಂದ ಕಂಡರು. ಪ್ರವಾಸ ಮುಗಿದ ಮೇಲೂ ಹಾರ್ಟ್‌ಬ್ರೇಕರ್ಸ್ ಇಂಗ್ಲೆಂಡಿನಲ್ಲೇ ಉಳಿದರು.

ದೊಡ್ಡಣ್ಣನಿಂದ ಕಲಿತದ್ದು ಗಿಟಾರ್ ಒಂದೇ ಅಲ್ಲ. ಲಂಡನ್ ಪಂಕಿನೊಳಗೆ ಹೆರಾಯಿನ್ ತಂದದ್ದು ಹಾರ್ಟ್‌ಬ್ರೇಕರ್ಸ್ ಅನ್ನೋ ಆರೋಪವನ್ನು ಆ ಕಾಲದ ಅನೇಕರು ಮಾಡಿದ್ದಾರೆ. ಎಲ್ಲವನ್ನೂ ಒಂದು ಬ್ಯಾಂಡಿನ ತಲೆಗೆ ಕಟ್ಟೋದು ನ್ಯಾಯ ಅಲ್ಲ, ಲಂಡನ್ನಿನಲ್ಲಿ ಹೆರಾಯಿನ್ ಅದಕ್ಕೂ ಮುಂಚೆ ಇತ್ತು. ಆದರೆ ಇಪ್ಪತ್ತು ವರ್ಷದ ಹುಡುಗರಿಗೆ ಅದು ಆರಾಧಿಸೋ ಗಿಟಾರಿಸ್ಟಿನ ಜೊತೆ ಬಂದಾಗ ಅದರ ಮೇಲೂ ಒಂದು ಮಿಂಚು ಅಂಟಿಕೊಳ್ಳುತ್ತೆ. ಹಾರ್ಟ್‌ಬ್ರೇಕರ್ಸ್ ಬೆನ್ನು ಹತ್ತಿ ನ್ಯೂಯಾರ್ಕಿನಿಂದ ಬಂದ ನ್ಯಾನ್ಸಿ ಸ್ಪಂಜನ್ ಪಿಸ್ಟಲ್ಸ್‌ನ ಸಿಡ್ ವಿಶಿಯಸ್ ಗೆಳತಿ ಆದಳು, ಇಬ್ಬರೂ ಅದೇ ಚಟದಲ್ಲಿ ಮುಳುಗಿದರು. 1978ರಲ್ಲಿ ಅವಳು ಇರಿತದಿಂದ ಸತ್ತಳು. 1979ರ ಫೆಬ್ರವರಿಯಲ್ಲಿ ಅವನು ಹೆರಾಯಿನ್ನಿಂದ ಸತ್ತ, 21 ವರ್ಷಕ್ಕೆ. ಜಾನಿಯ ಪ್ರಭಾವದ ಬಗ್ಗೆ ಮಾತಾಡುವಾಗ ಈ ಭಾಗವನ್ನು ಬಿಟ್ಟು ಬರೀ ಗಿಟಾರಿನ ಮಾತಾಡೋ ಲೇಖನಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಅದು ಅರ್ಧ ಲೆಕ್ಕ.

1977ರ ಅಕ್ಟೋಬರಿನಲ್ಲಿ ಎರಡು ರೆಕಾರ್ಡು ಬಂದವು. ತಿಂಗಳ ಶುರುವಿನಲ್ಲಿ ಹಾರ್ಟ್‌ಬ್ರೇಕರ್ಸ್‌ನ ಎಲ್.ಎ.ಎಂ.ಎಫ್. ಆ ನಾಲ್ಕು ಅಕ್ಷರ ಗ್ಯಾಂಗಿನ ಹುಡುಗರು ಗೋಡೆ ಮೇಲೆ ಬರೆಯುತ್ತಿದ್ದದ್ದು, ಬಿಡಿಸಿ ಹೇಳೋ ಹಾಗಿಲ್ಲ, ಮನೆಯಲ್ಲಿ ಹಿರಿಯರೂ ಓದುತ್ತಾರೆ. ಹಾಡುಗಳು ಒಂದಕ್ಕಿಂತ ಒಂದು ಚೆನ್ನ, ಆದರೆ ಧ್ವನಿ ಮಿಶ್ರಣ ಹಾಳಾಗಿ, ಕಂಬಳಿ ಹೊದಿಸಿ ನುಡಿಸಿದ ಹಾಗೆ ಕೇಳಿಸುತ್ತಿತ್ತು. ತಿಂಗಳುಗಟ್ಟಲೆ ಮತ್ತೆ ಮತ್ತೆ ಮಿಕ್ಸ್ ಮಾಡಿದರೂ ಸರಿ ಹೋಗಲಿಲ್ಲ, ಅದೇ ಕೋಪಕ್ಕೆ ಜೆರ್ರಿ ನೋಲನ್ ಬ್ಯಾಂಡ್ ಬಿಟ್ಟ. ತಿಂಗಳ ಕೊನೆಯಲ್ಲಿ ಪಿಸ್ಟಲ್ಸ್ ಆಲ್ಬಮ್ ಬಂತು, ಅದರ ಸದ್ದು ಗೋಡೆ ಕಟ್ಟಿದ ಹಾಗೆ ಗಟ್ಟಿ. ಸ್ಟೀವ್ ಜೋನ್ಸ್ ಒಂದರ ಮೇಲೊಂದು ಗಿಟಾರ್ ಹಾಕಿ ರೆಕಾರ್ಡ್ ಮಾಡಿದ್ದ. ಜಾನಿ ಹುಡುಕಿಕೊಟ್ಟ ಭಾಷೆಯಲ್ಲಿ ಜಗತ್ತು ಕೇಳಿದ ಮಾತು ಅವನದಾಗಲಿಲ್ಲ, ಅವನ ಶಿಷ್ಯನದಾಯಿತು.

ಆ ಪಿಸ್ಟಲ್ಸ್ ಆಲ್ಬಮ್ಮಿನಲ್ಲಿ ನ್ಯೂಯಾರ್ಕ್ ಅಂತ ಒಂದು ಹಾಡಿದೆ. ಅದು ಡಾಲ್ಸ್ ಹುಡುಗರನ್ನು ಮುಖಕ್ಕೆ ಹೊಡೆದ ಹಾಗೆ ಲೇವಡಿ ಮಾಡೋ ಹಾಡು. ಸಿಲ್ವೇನನ ಗಿಟಾರು, ಜಾನಿಯ ಶೈಲಿ, ಅದರಲ್ಲೇ ಅವರಿಗೆ ಬೈಗುಳ! ಜಾನಿ ಸುಮ್ಮನಿರಲಿಲ್ಲ. 1978ರಲ್ಲಿ ಸೋ ಅಲೋನ್ ಅನ್ನೋ ತನ್ನ ಸ್ವಂತ ಆಲ್ಬಮ್ಮಿನಲ್ಲಿ ಲಂಡನ್ ಬಾಯ್ಸ್ ಅಂತ ಉತ್ತರ ಕೊಟ್ಟ. ಆ ಆಲ್ಬಮ್ಮಿನಲ್ಲಿ ಅವನ ಜೊತೆ ನುಡಿಸಿದವರಲ್ಲಿ ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್, ಪಾಲ್ ಕುಕ್ ಇಬ್ಬರೂ ಇದ್ದಾರೆ. ಜಗಳ ಹಾಡಿನಲ್ಲಿ, ಊಟ ಒಟ್ಟಿಗೆ. ಥಿನ್ ಲಿಝಿಯ ಫಿಲ್ ಲೈನಟ್, ಮುಂದೆ ಪ್ರಿಟೆಂಡರ್ಸ್ ಕಟ್ಟಿದ ಕ್ರಿಸ್ಸಿ ಹೈಂಡ್ ಕೂಡ ಅದರಲ್ಲಿದ್ದಾರೆ. ಅವನ ಕೆಲಸಗಳಲ್ಲಿ ಧ್ವನಿಯೂ ಹಾಡೂ ಎರಡೂ ಕೂಡಿ ಬಂದದ್ದು ಅದೊಂದೇ ಅಂತ ನನ್ನ ಅಭಿಪ್ರಾಯ. ಮೆಲ್ಲಗಿನ ಹಾಡಿನಲ್ಲಿ ಅವನ ಸ್ವರ ಒಡೆಯೋದನ್ನು ಕೇಳಿ, ಆ ಮನುಷ್ಯನೊಳಗೆ ಏನಿತ್ತು ಅಂತ ಸ್ವಲ್ಪ ತಿಳಿಯುತ್ತೆ.

ಆಮೇಲಿನ ಹದಿಮೂರು ವರ್ಷ ಇಳಿಜಾರು. ಒಳ್ಳೇ ರಾತ್ರಿಗಳೂ ಇದ್ದವು, ಹೆಸರಾದ ರಾಕ್ ಬ್ಯಾಂಡುಗಳ ಗಿಟಾರಿಸ್ಟರು ಅವನ ಶಿಷ್ಯರು ಅಂತ ಹೇಳಿಕೊಂಡದ್ದೂ ಉಂಟು. ಆದರೆ ಬಹಳಷ್ಟು ಜನ ಟಿಕೆಟ್ ಕೊಂಡು ಬರುತ್ತಿದ್ದದ್ದು ಇವನು ಇವತ್ತು ವೇದಿಕೆ ಮೇಲೆ ಬೀಳುತ್ತಾನಾ ಅಂತ ನೋಡೋದಕ್ಕೆ. ಹರಿದದ್ದು ಹರಿದ ಹಾಗೇ ವೇದಿಕೆಗೆ ತರಬಹುದು ಅಂತ ಇವನೇ ತೋರಿಸಿಕೊಟ್ಟಿದ್ದ. ಈಗ ಹರಿದಿದ್ದು ಸ್ಟಾಕಿಂಗ್ ಆಗಿರಲಿಲ್ಲ. ಜನ ಅದಕ್ಕೂ ಚಪ್ಪಾಳೆ ಹೊಡೆದರು.

1991ರ ಏಪ್ರಿಲ್ 23ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಒಂದು ವಸತಿಗೃಹದ ಕೋಣೆಯಲ್ಲಿ ಅವನು ಸತ್ತಿದ್ದ. 38 ವರ್ಷ. ಆ ಸಾವಿನ ಬಗ್ಗೆ ಅವನ ಮನೆಯವರು, ಗೆಳೆಯರು ಎತ್ತಿದ ಪ್ರಶ್ನೆಗಳು ಉಳಿದೇ ಹೋದವು. ಮುಂದಿನ ವರ್ಷ ಜನವರಿಯಲ್ಲಿ ಜೆರ್ರಿ ನೋಲನ್ ಹೋದ. ಗಿಟಾರ್ ಕಳೆದುಕೊಂಡ ಸಿಲ್ವೇನ್ 2021ರವರೆಗೆ ಇದ್ದ. ಕೊನೆಯವನಾಗಿ ಉಳಿದಿದ್ದ ಜೊಹಾನ್ಸನ್ 2025ರ ಫೆಬ್ರವರಿಯಲ್ಲಿ ತೀರಿಕೊಂಡ.

ಇನ್ನು ಕೇಳೋ ಕ್ರಮ. ಮೊದಲು ಡಾಲ್ಸ್‌ನ 1973ರ ಆಲ್ಬಮ್ಮಿನಿಂದ ಪರ್ಸನಾಲಿಟಿ ಕ್ರೈಸಿಸ್ ಮತ್ತು ಜೆಟ್ ಬಾಯ್. ಆಮೇಲೆ ಎಲ್.ಎ.ಎಂ.ಎಫ್., ಹಳೇ ಕಂಬಳಿ ಹೊದಿಸಿದ್ದು ಬೇಡ, 1984ರಲ್ಲಿ ಮತ್ತೆ ಮಿಕ್ಸ್ ಮಾಡಿದ್ದು ಅಥವಾ ಅದಕ್ಕಿಂತ ಈಚಿನದ್ದು ಹುಡುಕಿ. ಆಮೇಲೆ ಪಿಸ್ಟಲ್ಸ್ ಹಾಕಿ, ಹಾಡುಗಾರನನ್ನು ಮರೆತು ಗಿಟಾರ್ ಒಂದನ್ನೇ ಹಿಂಬಾಲಿಸಿ. ಕೊನೆಗೆ ಸೋ ಅಲೋನ್. ಹೆಡ್‌ಫೋನ್ ಹಾಕಿಕೊಂಡರೆ ಒಳ್ಳೇದು, ಪಕ್ಕದ ಫ್ಲ್ಯಾಟಿನವರಿಗೆ ಇದು ಅಷ್ಟು ಬೇಗ ಒಗ್ಗೋ ಸಂಗೀತ ಅಲ್ಲ.